ಬೇಕರಿಯವರ ಬೆಳಗು

ಮಾರ್ಚ್ 3, ಸೋಮವಾರ

ಆಸ್ಪತ್ರೆಯಿಂದ ದೀಪ ಎರವಲು ತಂದು ಇಂದಿಗೆ ಹತ್ತು ದಿನ. ಎದ್ದ ತಕ್ಷಣ ಇವರನ್ನು ಅರ್ಧ ಗಂಟೆ ಅದರೆದುರು ಕೂರಿಸಬೇಕು, ಬಿಳಿ ಬೆಳಕು ಮುಖದ ಮೇಲೆ ಬೀಳಬೇಕು. ಒಂದು ದಿನವೂ ತಪ್ಪಿಸಿಲ್ಲ. ಆದರೂ ಹಗಲೆಲ್ಲ ಕುರ್ಚಿಯಲ್ಲೇ ತೂಕಡಿಕೆ. ಆಪರೇಷನ್, ರೇಡಿಯೇಷನ್ ನಂತರದ ಸುಸ್ತಿಗೆ ಮಾತ್ರ ಈ ದೀಪ, ಮಿದುಳಿನ ಗಡ್ಡೆಗಲ್ಲ — ಡಾಕ್ಟರ್ ಮೂರು ಸಲ ಹೇಳಿದ್ದಾರೆ. ಗೊತ್ತು. ಗೊತ್ತಿದ್ದೂ ಆಸೆ.

ಮಾರ್ಚ್ 5

ಆಸ್ಪತ್ರೆಯಲ್ಲಿ ನರ್ಸಮ್ಮ ನಿದ್ದೆಯ ಚಾರ್ಟ್ ನೋಡಿ ಹಣೆ ಹಣೆ ಚಚ್ಚಿಕೊಂಡರು.

"ದೀಪ ಹಾಕಿದ್ದು ಎರಡು ಗಂಟೆಗಾ? ನಡುರಾತ್ರೀಲಾ?"

"ಎದ್ದ ತಕ್ಷಣ ಅಂದ್ರಲ್ಲ. ಇವರು ಏಳೋದೇ ಎರಡಕ್ಕೆ."

ಇವರು ಗತ್ತಿನಿಂದ, "ಮೂವತ್ತೊಂದು ವರ್ಷ ಬೇಕರಿ ಒಲೆ ಹಚ್ಚಿದೀನಿ ಸಿಸ್ಟರ್. ನಮಗೆ ಬೆಳಗಾಗೋದೇ ಆಗ."

"ಮೈಗೆ ಹಗಲು ಯಾವ್ದು, ರಾತ್ರಿ ಯಾವ್ದು ಗೊತ್ತಾಗ್ಲಿ ಅಂತಾನೇ ಈ ದೀಪ! ನಾಳೆಯಿಂದ ಏಳು ಗಂಟೆಗೆ. ಎರಡಕ್ಕೆ ಎದ್ರೆ ಸುಮ್ನೆ ಮಲಗ್ಸಿ."

ಮನೆಗೆ ಬರುವ ದಾರಿಯುದ್ದಕ್ಕೂ ನಕ್ಕೆವು. ಇಬ್ಬರೂ ಒಟ್ಟಿಗೆ ಪೆದ್ದರಾಗಿ ಎಷ್ಟು ಕಾಲವಾಗಿತ್ತು...

ಮಾರ್ಚ್ 19

ಏಳು ಗಂಟೆ. ದೀಪ, ಎರಡು ಲೋಟ ಚಹಾ. ನಮ್ಮ ಸಂಸಾರ ಎತ್ತು ಏರಿಗೆ, ಕೋಣ ನೀರಿಗೆ — ಇವರು ಬೇಕರಿಯಿಂದ ಬಂದು ಮಲಗುವಾಗ ನಾನು ಶಾಲೆಯ ಆಫೀಸಿಗೆ ಓಟ. ಬೆಳಗಿನ ಹೊತ್ತು ಇವರ ಮುಖವನ್ನು ಇಷ್ಟು ನೋಡಿದ್ದೇ ಇಲ್ಲ.

"ಚಹಾನ ಇಷ್ಟು ಸದ್ದು ಮಾಡ್ಕೊಂಡು ಕುಡೀತೀಯಾ? ಮದುವೆಗೆ ಮುಂಚೆ ಯಾರೂ ಹೇಳ್ಲೇ ಇಲ್ಲ."

ಮಧ್ಯಾಹ್ನ ಮಲಗಲಿಲ್ಲ. ಬೀದಿ ತಿರುವಿನವರೆಗೆ ನಡೆದರು. ಇಂಥ ಬೆಳಗು ಇನ್ನೂ ಬೇಕು ನನಗೆ. ಸಿಗದೇ ಹೋದ ಮೂವತ್ತೊಂದು ವರ್ಷದ್ದೂ ಬೇಕು.

ಏಪ್ರಿಲ್ 30

ಸ್ಕ್ಯಾನ್ ಆಯಿತು. ಗಡ್ಡೆ ಮತ್ತೆ ಬೆಳೆದಿದೆಯಂತೆ.

ದೀಪ ಯಾವಾಗ ವಾಪಸ್ ಕೊಡಬೇಕು ಅಂತ ಕೇಳಿದೆ. "ಇರಲಿ ಬಿಡಿ, ನಿಮ್ಮ ಹತ್ರಾನೇ ಇಟ್ಕೊಳ್ಳಿ" ಅಂದರು ಡಾಕ್ಟರ್, ಬಹಳ ಮೆತ್ತಗೆ. ಗದರಿಸಿ ವಾಪಸ್ ಕೇಳಿದ್ದರೇ ಚೆನ್ನಾಗಿತ್ತು.

ಜೂನ್ 11

ಒಂಬತ್ತಾದರೂ ಎಚ್ಚರವಿಲ್ಲ. ಮೂರು ದಿನದಿಂದ ಹೀಗೇ. ದೀಪ ಹಾಕಿ ನಾನೊಬ್ಬಳೇ ಅದರೆದುರು ಕೂತೆ. ಅಭ್ಯಾಸಬಲ, ಇವರ ಲೋಟಕ್ಕೂ ಚಹಾ ಬಗ್ಗಿಸಿದ್ದೆ. ಆರಿಹೋಯಿತು. ಒಂದೇ ಒಂದು ಮಾತಾಡಿ ಅಂತ ಗೋಗರೆದೆ, ನಾಚಿಕೆ ಬಿಟ್ಟು.

ಜೂನ್ 14, ಬೆಳಿಗ್ಗೆ 7.10

ಕಣ್ಣು ಬಿಟ್ಟಿದ್ದಾರೆ!

"ಬೇಕರಿಗೆ ಹೊತ್ತಾಯ್ತೇನೇ?"

ಇವತ್ತು ರಜೆ ಅಂದೆ.

"ಹಾಗಾದ್ರೆ ಬರೆದಿದ್ದು ಸಾಕು, ಬಾ ಇಲ್ಲಿ. ಮತ್ತೆ ನಿದ್ದೆ ಹತ್ತೋದ್ರೊಳಗೆ ನಿಂಗೊಂದು ಮಾತು —