ಬಿನ್ನವತ್ತಳೆಗೆ ಒಂದು ಪದ

ಅಜ್ಜಂಪುರ
೧೪-೩-೧೯೭೯

ಸನ್ಮಾನ ಸಮಿತಿಯ ಕಾರ್ಯದರ್ಶಿ ತೀರ್ಥಪ್ಪನವರಿಗೆ ನಮಸ್ಕಾರ.

ನಿವೃತ್ತರಾಗುತ್ತಿರುವ ನಮ್ಮ ಹೆಡ್‌ಮಾಸ್ಟರರ ಬಿನ್ನವತ್ತಳೆಗೆ ಇಂಗ್ಲಿಷ್ ಪದವೊಂದನ್ನು ಆರಿಸಿಕೊಡಿ ಎಂದಿದ್ದಿರಿ. ಎಕ್ಸಲೆಂಟ್ ಎಂದರೆ ಬಹಳ ಚೆನ್ನಾಗಿ ಕೆಲಸ ಮಾಡಿದವರು; ಮಕ್ಕಳ ಕಾಪಿ ಪುಸ್ತಕದಲ್ಲೂ ನಾನು ಅದನ್ನೇ ಬರೆಯುತ್ತೇನೆ. ಔಟ್‌ಸ್ಟ್ಯಾಂಡಿಂಗ್ ಅದಕ್ಕಿಂತ ದೊಡ್ಡದು, ಎಲ್ಲರ ನಡುವೆಯೂ ಎದ್ದು ಕಾಣುವವರಿಗೆ ಸಲ್ಲುತ್ತದೆ. ಮೊನ್ನೆ ನೀವು, "ಅದು ಹೊರಗಡೆ ನಿಂತೋರು ಅಂತಾಗಲ್ವೇನ್ರೀ ಮೇಡಂ?" ಎಂದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಪಂಚನಹಳ್ಳಿಯಲ್ಲಿ ಅಮ್ಮ ಹಾಸಿಗೆ ಹಿಡಿದಾಗ ಅಲ್ಲಿಗೆ ವರ್ಗ ಕೇಳಿ ಅರ್ಜಿ ಕೊಟ್ಟಿದ್ದೆ. ಅದನ್ನು ಮೇಲಕ್ಕೆ ಕಳಿಸಿ ಎಂದು ಕೇಳಲು ದಸರಾ ರಜೆಯವರೆಗೂ ದಿನವೂ ಹೆಡ್‌ಮಾಸ್ಟರರ ಕೋಣೆಯ ಹೊರಗೆ ನಿಲ್ಲುತ್ತಿದ್ದೆ. "ನಾಳೆ ನೋಡಾಣ, ಹೋಗಮ್ಮ" ಎನ್ನುತ್ತಿದ್ದರು.

ಅವರಿಗೆ ಎಕ್ಸಲೆಂಟ್ ಎಂದೇ ಬರೆಸಿ. ನೀವು ಹೇಳಿದ ಅರ್ಥದಲ್ಲಿ ಇನ್ನೊಂದು ಪದ ನನ್ನದು.

ಅವರು ಕೋಣೆ ಖಾಲಿ ಮಾಡುವಾಗ ನನ್ನ ಅರ್ಜಿ ಸಿಕ್ಕರೆ ದಯವಿಟ್ಟು ವಾಪಸು ಕೊಡಿಸಿ. ಹೊಸಬರು ಬಂದು ಅದನ್ನು ಮೇಲಕ್ಕೆ ಕಳಿಸಿಬಿಟ್ಟಾರು. ಪಂಚನಹಳ್ಳಿಯಲ್ಲಿ ಈಗ ಅಮ್ಮ ಇಲ್ಲ.

ಇಂತಿ,
ಪಂಕಜಾಕ್ಷಿ
ಇಂಗ್ಲಿಷ್ ಟೀಚರ್