ಪಾಸೋ, ಎರಡು ಟಿಕೆಟ್ಟೋ

ಚೆಸ್ಕಾ ತ್ರೆಬೊವಾ
ಏಪ್ರಿಲ್ ೧೮, ಗುರುವಾರ

ಪ್ರೀತಿಯ ಬ್ಲಾಂಕಾ,

ಕಾಗದ ಬಂದಿತೆಂದು ಹೆದರಬೇಡ, ಇಲ್ಲಿ ಯಾರೂ ಸತ್ತಿಲ್ಲ. ನಿನ್ನ ಸೊಂಟದ ನೋವು ಈಗ ಹೇಗಿದೆ? ಆ ಬೇಕರಿಯಲ್ಲಿ ಹಿಟ್ಟಿನ ಚೀಲಗಳನ್ನು ನೀನೊಬ್ಬಳೇ ಎತ್ತಬೇಡ ಎಂದು ಎಷ್ಟು ಸಲ ಹೇಳಬೇಕು? ಎಮಿಲ್‌ನ ಅಲ್ಲಾಡುತ್ತಿದ್ದ ಹಲ್ಲು ಬಿತ್ತೋ, ಇಲ್ಲ ಇನ್ನೂ ಅದನ್ನು ನಾಲಿಗೆಯಿಂದ ನೂಕುತ್ತಾ ಕಂಡವರಿಗೆಲ್ಲ ತೋರಿಸುತ್ತಿದ್ದಾನೋ? ನೀನೂ ಹಾಗೆಯೇ ಮಾಡುತ್ತಿದ್ದೆ. ನನ್ನ ಮೊಣಕಾಲು ಮೆಟ್ಟಿಲು ಇಳಿಯುವಾಗ ಗೊಣಗುತ್ತದೆ, ಹತ್ತುವಾಗ ಸುಮ್ಮನಿರುತ್ತದೆ. ಬಿ.ಪಿ. ಹತೋಟಿಯಲ್ಲಿದೆ. ಈ ಸಲ ಸೇಬಿನ ಮರ ಆತುರಪಟ್ಟು ಹೂ ಬಿಟ್ಟಿತು, ಆಮೇಲೆ ಸುರಿದ ಮಂಜಿಗೆ ಅರ್ಧ ಉದುರಿಹೋಯಿತು. ಉಳಿದದ್ದು ನಮಗೆ ಸಾಕು.

ಫೋನ್ ಬಿಟ್ಟು ಕಾಗದ ಯಾಕೆ ಎಂದರೆ, ಫೋನನ್ನು ನೀನು ಮಧ್ಯದಲ್ಲೇ ಇಟ್ಟುಬಿಡಬಹುದು. ಹೋದ ಭಾನುವಾರ ಇಟ್ಟೆಯಲ್ಲ. ಕಾಗದವನ್ನಾದರೆ ಸಿಟ್ಟಿನಿಂದ ಮಡಚಿ ಡ್ರಾಯರಿನಲ್ಲಿ ಹಾಕಿದರೂ ರಾತ್ರಿ ಎದ್ದು ಓದುತ್ತೀಯ. ನಿನ್ನನ್ನು ಹೆತ್ತವಳು ನಾನು, ನಿನ್ನ ಕುತೂಹಲ ನನಗೆ ಗೊತ್ತಿಲ್ಲವೇ? ಇಟ್ಟದ್ದಕ್ಕೆ ನನಗೆ ಬೇಸರವಿಲ್ಲ. ಇದೆ, ಸ್ವಲ್ಪ ಇದೆ. ಅದನ್ನು ಬಿಟ್ಟು ವಿಷಯಕ್ಕೆ ಬರುತ್ತೇನೆ.

ವಿಷಯ ಇಷ್ಟೇ: ಈ ಊರಿನಿಂದ ನಿಮ್ಮ ಲಿಯೋನ್‌ವರೆಗೆ ಬರಲು ಯುರೋಪಿನ ರೈಲು ಪಾಸ್ ಕೊಳ್ಳಬೇಕೋ, ಬಿಡಿ ಟಿಕೆಟ್ ಕೊಳ್ಳಬೇಕೋ ಎಂಬುದು ತೀರ್ಮಾನವಾಗಬೇಕು. ಅರವತ್ತೆಂಟು ವರ್ಷದಲ್ಲಿ ನಾನು ಒಂದು ರೈಲು ಟಿಕೆಟ್ಟನ್ನೂ ಕೊಂಡವಳಲ್ಲ. ಹುಟ್ಟಿದ್ದು ಸಿಗ್ನಲ್ ನೋಡಿಕೊಳ್ಳುವವನ ಮನೆಯಲ್ಲಿ, ಕೈಹಿಡಿದದ್ದು ಗೂಡ್ಸ್ ಗಾಡಿ ಓಡಿಸುವ ನಿಮ್ಮಪ್ಪನನ್ನು. ಅಪ್ಪನ ಮನೆಯಲ್ಲಿ ಅಪ್ಪನ ಹೆಸರಿನಲ್ಲಿ, ಗಂಡನ ಮನೆಯಲ್ಲಿ ಗಂಡನ ಹೆಸರಿನಲ್ಲಿ ಬಿಟ್ಟಿ ಓಡಾಟದ ರೈಲ್ವೆ ಕಾರ್ಡು. ಹೊರದೇಶಕ್ಕೆ ಹೋಗುವುದಾದರೆ ಕೂಪನ್ನುಗಳು. ಗಾಡಿ ಹತ್ತುವ ಮೊದಲು ಪೆನ್ನಿನಲ್ಲಿ ತಾರೀಕು ಬರೆದರೆ ಆಯಿತು. ನಿಮ್ಮಪ್ಪ ಒಟಾ ಹೋದ ಮೇಲೂ ಅದು ನಿಂತಿಲ್ಲ, ರೈಲಿನವರ ವಿಧವೆಗೆ ಕಾರ್ಡು ಸಾಯುವತನಕ ಇರುತ್ತದೆ. ಇನ್ನೊಂದು ಮದುವೆಯಾದರೆ ಮಾತ್ರ ವಾಪಸ್ ಕೊಡಬೇಕು. ಜೂನ್ ಒಂದರಂದು ಲೂಬೊಶ್ ಜೊತೆ ನಗರಸಭೆಯ ಕಚೇರಿಯಲ್ಲಿ ಸಹಿ ಹಾಕುತ್ತೇನೆ, ಅಂದಿಗೆ ಕಾರ್ಡು ಹೋಗುತ್ತದೆ. ಮೇ ತಿಂಗಳಲ್ಲೇ ಮುಗಿಸಿಬಿಡಬಹುದಿತ್ತು, ಆದರೆ ಮೇನಲ್ಲಿ ಮದುವೆಯಾದರೆ ವರ್ಷದೊಳಗೆ ಹೆಣ ಬೀಳುತ್ತದೆ ಎಂದು ಇಲ್ಲಿಯ ಹೆಂಗಸರು ನನ್ನನ್ನು ಬೆದರಿಸಿದರು. ನಮ್ಮ ವಯಸ್ಸಿನಲ್ಲಿ ಯಾವ ತಿಂಗಳಲ್ಲಿ ಆದರೂ ಬೀಳಬಹುದು, ಆದರೂ ಯಾಕೆ ಬೇಕು.

ನೀನು ಫೋನಿನಲ್ಲಿ ಹೇಳಿದ್ದನ್ನು ನಾನು ಮರೆತಿಲ್ಲ. ಮದುವೆಗೆ ಮೊದಲೇ, ಮೇ ತಿಂಗಳಲ್ಲಿ, ಪ್ರತಿ ವರ್ಷದಂತೆ ಕಾರ್ಡಿನ ಮೇಲೆ ಒಬ್ಬಳೇ ಬಾ ಎಂದೆ. ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಅಂದೆ: “ಅಪ್ಪ ನಿನಗೆ ಬಿಟ್ಟುಹೋಗಿದ್ದು ಅದೊಂದೇ ಅಮ್ಮಾ. ಅದನ್ನೂ ವಾಪಸ್ ಕೊಟ್‌ಬಿಡ್ತೀಯಾ?” ಅಷ್ಟು ಹೇಳಿ ಫೋನ್ ಇಟ್ಟೆ.

ನಿನಗೆ ನೆನಪಿದೆಯೋ ಇಲ್ಲವೋ, ಕಮ್ಯುನಿಸ್ಟರ ಆಳ್ವಿಕೆ ಹೋಗಿ ಗಡಿ ತೆರೆದ ಮೇಲೆ ನಾವು ಮೊದಲ ಸಲ ಸಮುದ್ರ ನೋಡಲು ಇಟಲಿಗೆ ಹೋದದ್ದು. ಚೀಲದ ತುಂಬ ಕರಿದ ಮಾಂಸದ ತುಂಡುಗಳು, ಬ್ರೆಡ್ಡು, ಸೌತೆಕಾಯಿ ಉಪ್ಪಿನಕಾಯಿ. ನಮ್ಮ ಜನ ಸ್ವರ್ಗಕ್ಕೆ ಹೊರಟರೂ ಅದನ್ನೇ ಕಟ್ಟಿಕೊಳ್ಳುತ್ತಾರೆ. ನಿಮ್ಮಪ್ಪನಿಗೆ ಪ್ರಯಾಣಿಕನಾಗಿ ಕೂರಲು ಬರುತ್ತಲೇ ಇರಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ, ಈ ಇಟಲಿಯವನಿಗೆ ಬ್ರೇಕ್ ಹಾಕಲು ಯಾರು ಕಲಿಸಿದರು ಎಂದು ದಾರಿಯುದ್ದಕ್ಕೂ ಬೈಯುತ್ತಿದ್ದರು. ನೀನು ಎದುರಿಗೆ ಕೂತಿದ್ದ ಹೆಂಗಸಿಗೆ, ಇದು ನಮ್ಮಪ್ಪನ ರೈಲು, ನೀವು ಕೇಳದೆ ಹತ್ತಿದ್ದೀರಿ ಎಂದು ಗದರಿಸಿದೆ. ಪುಣ್ಯಕ್ಕೆ ಆಕೆಗೆ ನಮ್ಮ ಚೆಕ್ ಭಾಷೆ ಬರುತ್ತಿರಲಿಲ್ಲ. ಯಾವ ಊರಿನಲ್ಲಿ ಒಳ್ಳೆಯ ವಾಸನೆ ಬಂದರೂ ಇಳಿದುಬಿಡುತ್ತಿದ್ದೆವು, ಮುಂದಿನ ಗಾಡಿ ಹಿಡಿಯುತ್ತಿದ್ದೆವು. ರೈಲೆಂದರೆ ಹಾಗೆಯೇ ಎಂದು ನಾನೂ ತಿಳಿದಿದ್ದೆ. ಬೇರೆಯವರು ಇಂಥದೇ ಗಾಡಿ, ಇಂಥದೇ ಸೀಟು ಎಂದು ಕಟ್ಟಿಹಾಕಿಸಿಕೊಂಡು ಹೋಗುತ್ತಾರೆಂಬುದು ಈ ತಿಂಗಳು ನನಗೆ ತಿಳಿಯಿತು.

ಲೂಬೊಶ್ ಬಗ್ಗೆ ನೀನು ಒಂದು ಮಾತೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಅವರು ಬಸ್ ಡ್ರೈವರ್ ಆಗಿದ್ದವರು. ಈ ಊರಿನಲ್ಲಿ ಇದಕ್ಕಿಂತ ದೊಡ್ಡ ಅಪರಾಧವಿಲ್ಲ. ಮಾಂಸದಂಗಡಿಯಲ್ಲಿ ಸಾಲಿನಲ್ಲಿ ನಿಂತಿದ್ದಾಗ ನಿಮ್ಮಪ್ಪನ ಹಳೆಯ ಗೆಳೆಯನೊಬ್ಬ, “ಏನ್ ದ್ರಾಹಾ, ಹಳಿ ತಪ್ಪಿದ್ಯಂತೆ?” ಎಂದ. ನಾನು ಸುಮ್ಮನಿರುತ್ತೇನೆಯೇ? ನಿಮ್ಮ ಗಾಡಿ ಕೆಟ್ಟು ನಿಂತಾಗಲೆಲ್ಲ ಜನರನ್ನು ಮನೆ ಸೇರಿಸಿದವರು ಯಾರು ಎಂದು ಕೇಳಿದೆ. ಅದು ನಿಜವೂ ಹೌದು. ಮೂರು ವರ್ಷದ ಹಿಂದೆ ಹಳಿ ರಿಪೇರಿಗೆಂದು ಬೇಸಗೆಯಿಡೀ ಸ್ವಿತಾವಿಯ ಕಡೆ ಗಾಡಿ ನಿಲ್ಲಿಸಿ, ಬದಲಿಗೆ ಬಸ್ ಬಿಟ್ಟಿದ್ದರಲ್ಲ, ಅದನ್ನು ಓಡಿಸುತ್ತಿದ್ದವರು ಅವರು. ನಾನು ಕಾಡಿನಲ್ಲಿ ಅಣಬೆ ಆರಿಸಿಕೊಂಡು ಬಂದವಳು ಬುಟ್ಟಿಯನ್ನು ಬಸ್ಸಿನಲ್ಲೇ ಬಿಟ್ಟು ಇಳಿದುಬಿಟ್ಟೆ. ಆ ಮನುಷ್ಯ ನನ್ನ ಮನೆ ಹುಡುಕಿಕೊಂಡು ಬರಲು ವಾರ ಹಿಡಿಯಿತು. ಅಷ್ಟರಲ್ಲಿ ಅಣಬೆ ಕೊಳೆತುಹೋಗುತ್ತದಲ್ಲ ಎಂದು ಎಲ್ಲವನ್ನೂ ಶುಚಿ ಮಾಡಿ, ತೆಳ್ಳಗೆ ಹೆಚ್ಚಿ, ಒಣಗಿಸಿ, ಬಿಳಿ ಬಟ್ಟೆಯಲ್ಲಿ ಕಟ್ಟಿ ತಂದಿದ್ದರು. ಒಂದು ತುಂಡನ್ನೂ ತಮಗೆಂದು ಇಟ್ಟುಕೊಂಡಿರಲಿಲ್ಲ. ಅಣಬೆಯ ವಿಷಯದಲ್ಲಿ ನಮ್ಮ ಜನ ಸ್ವಂತ ಅಣ್ಣತಮ್ಮಂದಿರನ್ನೂ ನಂಬುವುದಿಲ್ಲ ಎಂಬುದು ನಿನಗೆ ಗೊತ್ತು. ನಾನು ಒಳಗೆ ಕರೆದು ಕಾಫಿ ಕೊಟ್ಟೆ.

ಪಕ್ಕದ ಬೀದಿಯ ವ್ಲಾಸ್ತಾ ನನಗೆ ತಲೆ ಕೆಟ್ಟಿದೆ ಎನ್ನುತ್ತಾಳೆ. ಅವಳೂ ರೈಲಿನವರ ವಿಧವೆಯೇ. “ಜೊತೆಗಿಟ್ಕೋ, ಯಾರ್ ಬೇಡ ಅಂತಾರೆ? ಸಹಿ ಯಾಕ್ ಹಾಕ್ತೀಯೇ? ಕಾರ್ಡೂ ಹೋಯ್ತು, ಪಿಂಚಣೀನೂ ಹೋಯ್ತು” ಎಂದು ದಿನಾ ಬಂದು ಬೋಧಿಸುತ್ತಾಳೆ. ನಮ್ಮ ಬೀದಿಗಳಲ್ಲಿ ಹೀಗೆ ಸಹಿ ಹಾಕದೆ ಸಂಸಾರ ಮಾಡುವ ವಿಧವೆಯರು ಬೇಕಾದಷ್ಟಿದ್ದಾರೆ, ನಿನಗೂ ಗೊತ್ತು. ಆದರೆ ವ್ಲಾಸ್ತಾಳ ಮನೆಯ ಆ ಪುಣ್ಯಾತ್ಮನನ್ನು ನೋಡು. ಇಪ್ಪತ್ತು ವರ್ಷದಿಂದ ಅವಳ ಛಾವಣಿ ರಿಪೇರಿ ಮಾಡುತ್ತಾನೆ, ಅವಳ ಮೊಮ್ಮಕ್ಕಳನ್ನು ಶಾಲೆಗೆ ಬಿಡುತ್ತಾನೆ. ಹೊಸಬರು ಬಂದರೆ ಮಾತ್ರ ಅವಳು ಅವನನ್ನು ಬಾಡಿಗೆಯವನು ಎಂದು ಪರಿಚಯಿಸುತ್ತಾಳೆ. ಅವನು ತಲೆಯಾಡಿಸಿ ಅಡುಗೆಮನೆಗೆ ಹೋಗುತ್ತಾನೆ. ಕ್ರಿಸ್‌ಮಸ್ಸಿನ ಫೋಟೋಗಳಲ್ಲಿ ಕ್ಯಾಮೆರಾ ಹಿಡಿಯುವುದು ಯಾವಾಗಲೂ ಅವನೇ. ಲೂಬೊಶ್‌ರನ್ನು ಬಾಡಿಗೆಯವನು ಎನ್ನಲು ನನ್ನ ನಾಲಿಗೆ ಹೊರಳುವುದಿಲ್ಲ ಮಗಳೇ. ಅವರನ್ನು ಕಂಡರೆ ನನಗೆ ಪ್ರೀತಿ. ಈ ವಯಸ್ಸಿನಲ್ಲಿ ಹಾಗೆ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಇನ್ನು ಪಾಸಿನ ಕಥೆ ಕೇಳು. ಸೋಮವಾರ ಸ್ಟೇಷನ್ನಿನ ಟಿಕೆಟ್ ಕೌಂಟರಿಗೆ ಹೋದೆ. ಇಷ್ಟು ವರ್ಷ ಅದರ ಮುಂದೆ ಹಾದುಹೋಗಿದ್ದೇನೆ, ಎದುರು ನಿಂತದ್ದು ಅವತ್ತೇ. ಒಳಗಿದ್ದ ಹುಡುಗಿ ವ್ಲಾಸ್ತಾಳ ತಂಗಿಯ ಮಗಳು. ಲಿಯೋನ್‌ಗೆ ಇಬ್ಬರಿಗೆ ಎಷ್ಟಾಗುತ್ತದೆ ಎಂದೆ. “ನಿಮಗ್ಯಾಕೆ ಆಂಟಿ ಟಿಕೆಟ್ಟು? ಕಾರ್ಡ್ ಮನೇಲಿ ಮರೆತು ಬಂದ್ರಾ?” ಎಂದು ಗಾಜಿನ ಹಿಂದಿನಿಂದ ಮೈಕಿನಲ್ಲಿ ಕೇಳಿದಳು. ಜೂನಿನಲ್ಲಿ ಕಾರ್ಡು ವಾಪಸ್ ಹೋಗುತ್ತದೆ ಎಂದೆ, ನನ್ನ ಹಿಂದೆ ನಿಂತಿದ್ದ ಸಾಲಿಗೆಲ್ಲ ಅದು ಕೇಳಿಸಿತು. ಸಂಜೆಯೊಳಗೆ ಮದುವೆಯ ಸುದ್ದಿ ಇಂಜಿನ್ ಶೆಡ್ಡಿನತನಕ ಮುಟ್ಟಿತ್ತು. ಹೋಗಲಿ, ಕರೆಯೋಲೆ ಅಚ್ಚುಹಾಕಿಸುವ ಕೆಲಸ ತಪ್ಪಿತು.

ಆ ಹುಡುಗಿ ತಾಳ್ಮೆಯಿಂದ ವಿವರಿಸಿದಳು. ಪಾಸ್ ಎಂದರೆ ತಿಂಗಳಲ್ಲಿ ಇಷ್ಟು ದಿನ ಎಂದು ಕೊಳ್ಳುವುದು, ಆ ದಿನಗಳಲ್ಲಿ ಎಲ್ಲಿ ಬೇಕಾದರೂ ಹತ್ತಬಹುದು, ಇಳಿಯಬಹುದು. ಮುದುಕರಿಗೆ ರಿಯಾಯಿತಿಯೂ ಇದೆ. ಆದರೆ ನಮ್ಮದೇ ದೇಶದಲ್ಲಿ ಮಾತ್ರ ಹೊರಡುವಾಗೊಮ್ಮೆ, ಮರಳುವಾಗೊಮ್ಮೆ ಅಷ್ಟೇ, ಮತ್ತೆ ನಿಮ್ಮ ಫ್ರಾನ್ಸಿನ ವೇಗದ ಗಾಡಿಗಳಲ್ಲಿ ಪಾಸ್ ಇದ್ದರೂ ಸೀಟಿಗೆ ಬೇರೆ ತೆರಬೇಕು. ಬಿಡಿ ಟಿಕೆಟ್ಟನ್ನು ಈಗಲೇ ಕೊಂಡರೆ ಬಹಳ ಅಗ್ಗ. ಆದರೆ ಆ ದಿನ ಆ ಗಾಡಿಯೇ. ಮನಸ್ಸು ಬದಲಾದರೆ ಹಣ ವಾಪಸ್ಸಿಲ್ಲ. ನಾನು ಪಾಸೇ ಇರಲಿ ಎಂದುಕೊಂಡು ಮನೆಗೆ ಬಂದೆ. ಕೂಪನ್ನಿನ ಅಭ್ಯಾಸದವಳಲ್ಲವೇ, ನನ್ನನ್ನು ಒಂದೇ ಗಾಡಿಗೆ ಕಟ್ಟಿಹಾಕಿದರೆ ಉಸಿರು ಕಟ್ಟುತ್ತದೆ.

ರಾತ್ರಿ ಊಟಕ್ಕೆ ಕೂತಾಗ ಲೂಬೊಶ್‌ಗೆ ಇದನ್ನೆಲ್ಲ ಹೇಳಿದೆ. ಅವರು ಆಲೂಗಡ್ಡೆಯ ಸೂಪನ್ನು ಕುಡಿದು ಮುಗಿಸಿದರು. ಆಮೇಲೆ ಹೇಳಿದರು: “ಮಗಳ ಮನೆಗೇ ಹೋಗೋದಾದ್ರೆ ಟಿಕೆಟ್ ಸಾಕು ದ್ರಾಹಾ. ಹೋಗ್ತೀವಿ, ಇರ್ತೀವಿ, ಬರ್ತೀವಿ. ಅವಳು ನನ್ನ ಬೇಡ ಅಂದ್ರೆ ಪಾಸ್ ತಗೊಳ್ಳೋಣ. ಅವಳಿಗೆ ಯಾವ ದಿನ, ಯಾವ ಸ್ಟೇಷನ್ ಅನುಕೂಲವೋ ಅಲ್ಲಿ ಇಳಿಯೋಣ. ನೀವಿಬ್ರೂ ಕೂತು ಕಾಫಿ ಕುಡೀರಿ. ನಾನು ಆಚೆ ಪ್ಲಾಟ್‌ಫಾರ್ಮ್‌ನಲ್ಲಿರ್ತೀನಿ.” ಅದನ್ನು ಅವರು ಮುನಿಸಿನಿಂದ ಹೇಳಲಿಲ್ಲ. ಬಸ್ಸಿನ ವೇಳಾಪಟ್ಟಿ ಹೇಳುವ ಹಾಗೆ ಹೇಳಿ, ತಟ್ಟೆಗಳನ್ನು ತೊಳೆಯಲು ಎದ್ದುಹೋದರು.

ಹಾಗಾಗಿ ಬ್ಲಾಂಕಾ, ಪಾಸೋ ಟಿಕೆಟ್ಟೋ ಎಂಬುದು ನನ್ನ ಕೈಯಲ್ಲಿಲ್ಲ, ನಿನ್ನ ಕೈಯಲ್ಲಿದೆ. ಮೇನಲ್ಲಿ ಒಬ್ಬಳೇ ಕಾರ್ಡಿನ ಮೇಲೆ ನಾನು ಬರುವುದಿಲ್ಲ. ಅವರನ್ನು ಇಲ್ಲಿ ಬಿಟ್ಟು, ಇನ್ನೂ ಬರಿಯ ವಿಧವೆ ಎಂಬಂತೆ ನಿನ್ನ ಮೇಜಿನ ಮುಂದೆ ಕೂತರೆ ನಾನು ನಿನಗೂ ಸುಳ್ಳು ಹೇಳಿದ ಹಾಗಾಗುತ್ತದೆ, ಅವರಿಗೂ. ನಿನ್ನ ಬಾಗಿಲು ಇಬ್ಬರಿಗೂ ತೆರೆಯುತ್ತದೆ ಎಂದರೆ ಟಿಕೆಟ್ ತೆಗೆಸುತ್ತೇನೆ. ಇಲ್ಲವೆಂದರೆ ಪಾಸು. ಎರಡರಲ್ಲಿ ಯಾವುದಾದರೂ ನಾನು ಬರುವುದಂತೂ ಖಂಡಿತ, ನಿನ್ನ ಮುಖ ನೋಡದೆ ಒಂದು ಬೇಸಗೆ ಕಳೆಯಲು ನನ್ನಿಂದಾಗದು.

ಅಪ್ಪ ಬಿಟ್ಟುಹೋದದ್ದು ಅದೊಂದೇ ಎಂದೆಯಲ್ಲ, ಅದಕ್ಕೂ ಉತ್ತರ ಹೇಳಿಬಿಡುತ್ತೇನೆ. ಕಾರ್ಡು ಕೊಟ್ಟದ್ದು ರೈಲ್ವೆ. ನಿಮ್ಮಪ್ಪ ನನಗೆ ಬಿಟ್ಟುಹೋದದ್ದು ನಿನ್ನನ್ನು. ಹೋಗುವ ಹಿಂದಿನ ವಾರ, ಮಾತು ತೊದಲುತ್ತಿದ್ದಾಗಲೂ, ಬ್ಲಾಂಕಾ ಫೋನ್ ಮಾಡಿದಳೇ ಎಂದೇ ಕೇಳುತ್ತಿದ್ದರು. ಅವರ ಗೋರಿಗೆ ಪ್ರತಿ ಶನಿವಾರ ಹೋಗುತ್ತೇನೆ. ಈಗೀಗ ನೀರಿನ ಕೊಡವನ್ನು ಲೂಬೊಶ್ ಹೊರುತ್ತಾರೆ. ಗೇಟಿನತನಕ ತಂದಿಟ್ಟು, ಟೋಪಿ ತೆಗೆದು ಅಲ್ಲೇ ನಿಲ್ಲುತ್ತಾರೆ, ಒಳಗೆ ಬರುವುದಿಲ್ಲ. ನಿಮ್ಮಪ್ಪನ ಜೊತೆ ನನಗೆ ಮಾತಾಡುವುದಿರುತ್ತದೆ ಎಂದು ಅವರಿಗೆ ಗೊತ್ತು. ಇಷ್ಟು ತಿಳಿದ ಮನುಷ್ಯನನ್ನು ನೀನು ಒಂದು ಸಲ ನೋಡಬೇಕು. ಇಷ್ಟವಾಗಲೇಬೇಕು ಎಂದು ಹೇಳುತ್ತಿಲ್ಲ, ನೋಡು ಎನ್ನುತ್ತಿದ್ದೇನೆ.

ಅಳಿಯಂದಿರಿಗೆ ನಮಸ್ಕಾರ ತಿಳಿಸು. ಎಮಿಲ್‌ನ ಎರಡೂ ಕೆನ್ನೆಗೆ ನನ್ನ ಮುತ್ತು, ಹಲ್ಲು ಬಿದ್ದಿದ್ದರೆ ಆ ಜಾಗಕ್ಕೊಂದು. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ಭಾರ ಎತ್ತಬೇಡ, ಚೆನ್ನಾಗಿರು. ನನ್ನ ಮೇಲೆ ಸಿಟ್ಟಿದ್ದರೂ ಚೆನ್ನಾಗಿರು.

ನಿನ್ನ,
ಅಮ್ಮ

ಮರೆತ ಮಾತು: ಕಾಗದ ಅಂಟಿಸಿ ಅಂಚೆಗೆ ಹಾಕಲೆಂದು ಹೊರಟವಳು ಸ್ಟೇಷನ್ನಿನ ಮುಂದೆಯೇ ಹಾದುಬಂದೆ. ಕಾಲು ತಾನಾಗಿ ಒಳಗೆ ಹೋಯಿತು. ಅಲ್ಲಿಯೇ ಬೆಂಚಿನ ಮೇಲೆ ಕೂತು, ಲಕೋಟೆ ಬಿಚ್ಚಿ, ಇದನ್ನು ಬರೆಯುತ್ತಿದ್ದೇನೆ. ಪಾಸೋ ಟಿಕೆಟ್ಟೋ ನಿನ್ನ ಕೈಯಲ್ಲಿದೆ ಎಂದು ಮೇಲೆ ಬರೆದಿದ್ದೇನಲ್ಲ, ನಿನ್ನ ಉತ್ತರಕ್ಕೆ ಕಾಯಲಿಲ್ಲ. ಟಿಕೆಟ್ ತೆಗೆಸಿಬಿಟ್ಟೆ, ಎರಡು, ಅಕ್ಕಪಕ್ಕದ ಸೀಟು. ಜೂನ್ ಎಂಟು ಶನಿವಾರ, ಫ್ರಾಂಕ್‌ಫರ್ಟ್‌ನಿಂದ ಬರುವ ಸಂಜೆಯ ಗಾಡಿ. ಲೂಬೊಶ್‌ಗೆ ಇನ್ನೂ ಹೇಳಿಲ್ಲ. ಇದನ್ನು ಬದಲಾಯಿಸಲು ಬರುವುದಿಲ್ಲ, ಹಣ ವಾಪಸ್ ಬರುವುದಿಲ್ಲ, ಯೋಚನೆ ಮಾಡಿ ಹೇಳಿ ಆಂಟಿ ಎಂದು ಆ ಹುಡುಗಿ ಎರಡೆರಡು ಸಲ ಕೇಳಿದಳು. ನನ್ನ ಮಗಳು ಪ್ಲಾಟ್‌ಫಾರ್ಮಿಗೆ ಬಂದು ನಿಂತಿರುತ್ತಾಳೆ, ನೀನು ಅಚ್ಚು ಹಾಕು ಎಂದೆ.