ಬಟ್ಟೆ ಮಗುಚಿ ನೋಡಿದವರು

ಮಾರ್ಚ್ ೧೪, ಗುರುವಾರ
ಅಂಗಡಿಯಿಂದ

ಪ್ರೀತಿಯ ಮೊಂಡಿ,

ಎರಡು ವರ್ಷ ನಾಲ್ಕು ತಿಂಗಳ ಮೇಲೆ ನಿನಗೆ ಬರೆಯುತ್ತಿದ್ದೇನೆ. ಹರಿದು ಹಾಕುವುದಿದ್ದರೆ ಓದಿ ಆದಮೇಲೆ ಹರಿ. ಇದು ಖುಷಿಯ ಕಾಗದ.

ಮೊದಲು ಸುದ್ದಿ: ನಾವು ಗೆದ್ದೆವು. ನಿಮ್ಮ ಕಂಪನಿ ನೋಟಿಸನ್ನು ಹಿಂದಕ್ಕೆ ತೆಗೆದುಕೊಂಡಿತು. ನಿನಗೆ ಎಷ್ಟು ಗೊತ್ತೋ ನನಗೆ ಗೊತ್ತಿಲ್ಲ, ಅದಕ್ಕೇ ಮೊದಲಿಂದ ಹೇಳುತ್ತೇನೆ.

ನೀನು ನಮ್ಮ ಕಸೂತಿ ಅಂಗಡಿ ಬಿಟ್ಟು ಆ ಕಸೂತಿ ಯಂತ್ರದ ಕಂಪನಿಗೆ ತರಬೇತಿ ಕೊಡುವ ಕೆಲಸಕ್ಕೆ ಸೇರಿದೆಯಲ್ಲ, ಆಮೇಲೆ ಮಾತಿಗೆ ಯಾರೂ ಇಲ್ಲದೆ ನಾನು ಒಂದು ಮುಕ್ತ ತಂತ್ರಾಂಶದ ಗುಂಪು ಸೇರಿಕೊಂಡೆ. ಚಿತ್ರ ಕೊಟ್ಟರೆ ಹೊಲಿಗೆಯಾಗಿ ಬದಲಿಸಿ ಯಾವ ಯಂತ್ರಕ್ಕೆ ಬೇಕಾದರೂ ಕಳಿಸುವ ತಂತ್ರಾಂಶ ಅವರದು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಶುರು ಮಾಡಿದವರು ಒಬ್ಬ ಗಣಿತದ ಮೇಷ್ಟ್ರು. ಅಕ್ಷರಗಳ ಸಾಲನ್ನು ನಡುವೆ ದಾರ ಕತ್ತರಿಸದೆ ಒಂದೇ ಓಟದಲ್ಲಿ ಹೊಲಿಯುವ ಭಾಗ ಮಾತ್ರ ನನ್ನದು. ಕೋಡ್ ಬರೆಯುವುದನ್ನು ಮೇಷ್ಟ್ರೇ ಕಲಿಸಿದರು. ಎಂಟು ತಿಂಗಳು ಹಿಡಿಯಿತು. ಸರಿಹೋದ ದಿನ ಅಂಗಡಿಯಲ್ಲಿ ಒಬ್ಬಳೇ ಕುಣಿದೆ. ಎದುರಿನ ಗಡಿಯಾರ ರಿಪೇರಿಯವರು ನೋಡಿ ತಮ್ಮ ಪರದೆ ಎಳೆದುಕೊಂಡರು.

ಹೋದ ತಿಂಗಳು ನಿಮ್ಮ ಕಂಪನಿಯ ವಕೀಲರ ನೋಟಿಸ್ ಬಂತು. ಒಂಬತ್ತು ಪುಟ. ದಾರ ಕತ್ತರಿಸದೆ ಅಕ್ಷರ ಹೊಲಿಯುವ ವಿಧಾನವನ್ನು ಹನ್ನೆರಡು ವರ್ಷದ ಹಿಂದೆ ತಾವೇ ಕಂಡುಹಿಡಿದದ್ದು, ಪೇಟೆಂಟ್ ತಮ್ಮದು, ಹತ್ತು ದಿನದೊಳಗೆ ಅಳಿಸದಿದ್ದರೆ ಕೋರ್ಟಿಗೆ ಎಳೆಯುತ್ತೇವೆ ಎಂದಿತ್ತು. ನಮ್ಮ ಯಜಮಾನರಿಗೆ ಅವತ್ತು ಊಟ ಸೇರಲಿಲ್ಲ. ಅತ್ತೆ ಮಾತ್ರ ಬಟಾಣಿ ಸುಲಿಯುತ್ತಾ, "ಹೊಲಿಯೋಕೂ ಇವರ ಅಪ್ಪಣೆ ಬೇಕಂತಾ?" ಎಂದರು.

ಒಂದು ಮಾತು ಒಪ್ಪಿಕೊಳ್ಳಬೇಕು. ಅದನ್ನು ಓದಿದ ಕೂಡಲೇ ನೆನಪಾದವಳು ನೀನು. ನೀನು ಹೊರಟ ದಿನ ನಾನು "ಕೈಯನ್ನೂ ಮಾರ್ಕೊಂಡ್‌ಬಿಟ್ಟೆ" ಎಂದಿದ್ದೆನಲ್ಲ, ಅದಕ್ಕೆ ಸೇಡು ತೀರಿಸಿಕೊಳ್ಳಲು ನೀನೇ ನನ್ನ ಹೆಸರು ಕೊಟ್ಟೆ ಎಂದುಕೊಂಡೆ. ಎರಡು ದಿನ ಮನಸ್ಸಿನಲ್ಲೇ ನಿನಗೆ ಬೈದೆ. ಆಮೇಲೆ ನೋಡಿದರೆ ಹೆಸರು ತಂತ್ರಾಂಶದ ಮೊದಲ ಪುಟದಲ್ಲೇ ಇತ್ತು, ದಪ್ಪಕ್ಷರದಲ್ಲಿ ನಾನೇ ಹಾಕಿಕೊಂಡದ್ದು.

ನನ್ನ ಭಾಗ ಅಳಿಸಿಬಿಡುತ್ತೇನೆ, ನಿಮಗೆಲ್ಲ ತೊಂದರೆ ಬೇಡ ಎಂದು ಗುಂಪಿಗೆ ಬರೆದೆ. ಅರ್ಧ ಗಂಟೆಯಲ್ಲಿ ಮೇಷ್ಟ್ರು ಫೋನ್ ಮಾಡಿ, "ಹತ್ತು ದಿನ ಕೊಟ್ಟಿದ್ದಾರಲ್ಲಮ್ಮ, ನೀವ್ಯಾಕೆ ಮೊದಲನೇ ದಿನಾನೇ ಸೋಲ್ತೀರಿ?" ಎಂದರು. ಇಂಥ ತಂತ್ರಾಂಶ ಬರೆಯುವವರ ಪರ ನಿಲ್ಲುವ ಸಂಸ್ಥೆಯೊಂದಿದೆಯಂತೆ. ಮಧ್ಯಾಹ್ನದೊಳಗೆ ಅಲ್ಲಿಯ ವಕೀಲೆಯನ್ನು ಹಿಡಿದು ತಂದರು. ಆಕೆಯ ಮಾತು ತೂಕ ಮಾಡಿದ ಹಾಗೆ. "ಏನೂ ಅಳಿಸಬೇಡಿ, ಏನೂ ಒಪ್ಕೋಬೇಡಿ, ಯಾರನ್ನೂ ಬೈಬೇಡಿ. ಅವರಿಗಿಂತ ಮುಂಚೆ ಯಾರಾದ್ರೂ ಹೀಗೆ ಹೊಲಿದು ತೋರಿಸಿದ್ರೆ, ಇದು ಅವರ ಶೋಧ ಅಲ್ಲ. ಹುಡುಕಿ."

ದಾರ ಯಾವ ದಾರಿ ಹಿಡಿಯಿತೆಂದು ಬಟ್ಟೆಯ ಹಿಂಬದಿಗೆ ಗೊತ್ತಿರುತ್ತದೆ. ಇದು ನಿನಗೂ ನನಗೂ ಗೊತ್ತು, ಮೇಷ್ಟ್ರಿಗೆ ಗೊತ್ತಿರಲಿಲ್ಲ. ನಾನು ಹೇಳಿದಾಗ ನಕ್ಕೇ ನಕ್ಕರು. ವಕೀಲೆಯನ್ನು ಕೇಳಿ ನೋಟಿಸನ್ನು ಎಲ್ಲರಿಗೂ ಕಾಣುವಂತೆ ಹಾಕಿದರು. ಕೆಳಗೆ ಒಂದೇ ಸಾಲು: ನಿಮ್ಮ ಹಳೇ ಬಟ್ಟೆಗಳನ್ನು ಮಗುಚಿ ನೋಡಿ.

ಮೊಂಡಿ, ಆ ವಾರ ನೀನು ನನ್ನ ಪಕ್ಕ ಇರಬೇಕಿತ್ತು. ಹೋಟೆಲ್ಲೊಂದರ ಬಟ್ಟೆ ಒಗೆಯುವ ಹೆಂಗಸು ಮುನ್ನೂರು ಟವೆಲ್‌ಗಳ ಬೆನ್ನು ತೋರಿಸಿದಳು. ನಿವೃತ್ತ ನಾವಿಕರೊಬ್ಬರು ಟೋಪಿ ಕಳಿಸಿದರು, ಹಲ್ಲಿನ ಡಾಕ್ಟರು ಕೋಟಿನ ಜೇಬು. ಸೂಜಿಗೆ ದಾರ ಪೋಣಿಸಲೂ ಬಾರದ ಪ್ರೋಗ್ರಾಮರ್‌ಗಳು ಒಂದೊಂದು ಎಳೆಯ ಮೇಲೂ ಗಂಟೆಗಟ್ಟಲೆ ವಾದ ಮಾಡಿದರು. ಒಬ್ಬ ನಿಮ್ಮ ಕಂಪನಿಯ ಕೆಲಸದವರಿಗೆ ಕೆಟ್ಟದಾಗಿ ಬೈದದ್ದನ್ನು ಮೇಷ್ಟ್ರು ಅಳಿಸಿ, "ಅವರೂ ನಮ್ಮ ಹಾಗೇ ದುಡಿಯೋರು" ಎಂದು ಬರೆದರು. ನನ್ನ ಭಾಗ ಯಾರೂ ಮಾಯ ಮಾಡಲಾಗದಂತೆ ನಾನೂರು ಜನ ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಪ್ರತಿ ಇಟ್ಟುಕೊಂಡರು. ಅತ್ತೆಯಂತೂ ಪಕ್ಕದ ಮನೆಗೆ ಹೋಗಿ, ಅವರ ಬೀಗರು ಕೂತಿದ್ದ ದಿಂಬನ್ನೇ ಎಳೆದು ನೋಡಿ ಬಂದರು.

ಆದರೂ ಏಳು ದಿನ ಕಳೆದವು. ವರ್ಷ ಹೊಲಿದಿದ್ದ ಬಟ್ಟೆಯಲ್ಲಿ ದಾರ ಕತ್ತರಿಸಿತ್ತು. ದಾರ ಕತ್ತರಿಸದ ಬಟ್ಟೆಯಲ್ಲಿ ವರ್ಷ ಇರಲಿಲ್ಲ. ಉಳಿದದ್ದು ಮೂರೇ ದಿನ.

ಎಂಟನೆಯ ದಿನ ಬೆಳಿಗ್ಗೆ ಹೆಸರಿಲ್ಲದ ಯಾರೋ ನಾಲ್ಕು ಫೋಟೋ ಕಳಿಸಿದರು. ಹತ್ತೊಂಬತ್ತು ವರ್ಷದ ಹಿಂದೆ ಹೊಲಿಗೆ ಶಾಲೆಯೊಂದರ ಸ್ಪರ್ಧೆಗೆ ಮಾಡಿದ, ಗೋಡೆಗೆ ತೂಗುಹಾಕುವ ಬಟ್ಟೆ. ಶಾಲೆಯ ಹೆಸರು, ವರ್ಷ, ಎಲ್ಲ ಒಂದೇ ಎಳೆಯಲ್ಲಿ, ಎಲ್ಲೂ ಕತ್ತರಿಸಿಲ್ಲ. ಜೊತೆಗೆ ಆ ವರ್ಷ ಅಚ್ಚಾದ ಪುಸ್ತಿಕೆಯ ಪುಟ. ಹೊಲಿದ ಕ್ರಮವನ್ನು ಹನ್ನೆರಡು ಸಾಲಿನಲ್ಲಿ ವಿವರಿಸಿದೆ. ಹೊಲಿದವಳ ಹೆಸರಿನ ಮೇಲೆ ಒಂದು ನೀಲಿ ಗುಂಡಿ ಇಟ್ಟು ಮುಚ್ಚಿತ್ತು. ಯಾರದೆಂದು ಹುಡುಕೋಣ ಎಂದು ಗುಂಪಿನಲ್ಲಿ ಗುಸುಗುಸು ಶುರುವಾಯಿತು. ವಕೀಲೆ ತಡೆದರು. "ಬೇಡ. ನಮಗೆ ವರ್ಷ ಸಾಕು, ಹೆಸರು ಅವರದು."

ವಕೀಲೆ ಆ ಫೋಟೋಗಳನ್ನು ಸೇರಿಸಿ ಉತ್ತರ ಕಳಿಸಿದ ನಾಲ್ಕನೆಯ ದಿನ ಎರಡು ಸಾಲಿನ ಪತ್ರ ಬಂತು, ನೋಟಿಸ್ ವಾಪಸ್. ಯಜಮಾನರು ಅದನ್ನು ನಾಲ್ಕು ಸಲ ಓದಿ, ಎರಡು ಸಲ ಊಟ ಮಾಡಿದರು. ಭಾನುವಾರ ಗುಂಪಿನವರೆಲ್ಲ ಕಂಪ್ಯೂಟರಿನಲ್ಲಿ ಮುಖ ನೋಡಿಕೊಂಡೆವು. ಯಾರು ಹೇಳಿದ್ದೋ, ಎಲ್ಲರೂ ಅಂಗಿಯನ್ನು ಒಳಮೈ ಹೊರಗೆ ಮಾಡಿ ಹಾಕಿಕೊಂಡಿದ್ದರು. ಆ ಗಂಭೀರ ವಕೀಲೆ ಕೋಟನ್ನೇ ತಿರುವಿದ್ದರು. ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು.

ಕೆಲಸ ಬಿಟ್ಟು ಬಾ ಎನ್ನುತ್ತಿಲ್ಲ. ನಾನು ಅವತ್ತು ಅಂದದ್ದು ತಪ್ಪು. ಅದನ್ನು ಎದುರಿಗೆ ಕೂತು ಹೇಳಬೇಕು. ಮುಂದಿನ ಭಾನುವಾರ ಬಂದುಬಿಡು.

ನಿನ್ನ
ಬಾಯಿಬಡುಕಿ

ತಾ.ಕ.: ಇದನ್ನು ಕಂಪ್ಯೂಟರಿನಲ್ಲಿ ಕಳಿಸದೆ ಕೈಯಾರೆ ಬರೆದು ನಿನ್ನ ಮನೆಗೆ ಅಂಚೆಗೆ ಹಾಕುತ್ತಿರುವುದಕ್ಕೆ ಕಾರಣವಿದೆ. ಆ ನಾಲ್ಕು ಫೋಟೋಗಳಲ್ಲಿ ಬಟ್ಟೆಯ ಹಿಂಬದಿಯದನ್ನು ದೊಡ್ಡದು ಮಾಡಿ ನೋಡಿದೆ. ಕೊನೆಯ ಎಳೆಯನ್ನು ಎಡಗೈಯವರು ಸುತ್ತುವ ಹಾಗೆ ಸುತ್ತಿ, ಎರಡು ಗಂಟು ಸಾಲದೆಂದು ಮೂರನೆಯದನ್ನೂ ಹಾಕಿತ್ತು. ಆ ಮೂರನೇ ಗಂಟಿಗಾಗಿ ಒಂಬತ್ತು ವರ್ಷ ನಿನ್ನ ಜೊತೆ ಜಗಳ ಆಡಿದವಳು ನಾನು. ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಇನ್ನು ಮೇಲೆ ನೀನು ಬೇಕಾದರೆ ನಾಲ್ಕು ಹಾಕು, ನಾನು ತುಟಿ ಪಿಟಕ್ಕೆನ್ನುವುದಿಲ್ಲ.